ನೂರ ಹದಿನೇಳರ ಕಾರಣ

ಆ ದಿನ ಬೆಳಗ್ಗೆ ಗಾಳಿಯೇ ಇರಲಿಲ್ಲ.

ಮೋಡ ಕವಿದಿತ್ತು, ಆದರೆ ಒಂದು ಹನಿಯೂ ಬೀಳುವ ಲಕ್ಷಣವಿರಲಿಲ್ಲ. ರಸ್ತೆಬದಿಯ ಮರಗಳು ಎಲೆ ಅಲುಗಿಸದೆ, ಯಾರದೋ ಅಪ್ಪಣೆಗೆ ಕಾದವರಂತೆ ನಿಂತಿದ್ದವು. ಬಸ್ಸಿಳಿದು ಗೇಟಿನವರೆಗೆ ನಡೆಯುವಷ್ಟರಲ್ಲಿ ಅವಳ ಅಂಗಿ ಬೆವರಿಗೆ ಬೆನ್ನಿಗಂಟಿತ್ತು.

ಇಂಥ ದಿನವೇ ಅದು ಬಾಯಿ ಬಿಡೋದು, ಎಂದುಕೊಂಡಳು.

ಅದು ಎಂದರೆ ನೂರ ಹದಿನೇಳನೇ ಯಂತ್ರ.

ಅವಳು ಕೆಲಸ ಮಾಡುತ್ತಿದ್ದ ಕೇಂದ್ರದಲ್ಲಿ ಇನ್ನೂರು ಕಂಪ್ಯೂಟರ್‌ಗಳು ಹತ್ತು ಕಬ್ಬಿಣದ ಕಪಾಟುಗಳಲ್ಲಿ ಒಂದರ ಮೇಲೊಂದು ಮಲಗಿದ್ದವು. ಒಂದರಿಂದಲೇ ಹೊರಲಾಗದ ಲೆಕ್ಕವನ್ನು ಎಲ್ಲವೂ ಹೆಗಲು ಕೊಟ್ಟು ಹೊರುತ್ತಿದ್ದವು. ಬಿರುಗಾಳಿಯ ದಾರಿ ಹುಡುಕುವವರು, ಔಷಧಿಯ ಅಣು ಜೋಡಿಸುವವರು, ಸೇತುವೆ ಕಟ್ಟುವವರು ಎಲ್ಲೆಲ್ಲಿಂದಲೋ ತಮ್ಮ ಲೆಕ್ಕ ಕಳಿಸಿ ಸರದಿಗೆ ಕಾಯುತ್ತಿದ್ದರು. ಆ ಸರದಿ ನೋಡಿಕೊಳ್ಳುವವಳು ಇವಳು. ದೊಡ್ಡವರ ಲೆಕ್ಕ ಮುಂದೆ, ಸಣ್ಣವರದು ಹಿಂದೆ ಎನ್ನುವ ಮಾತು ಅವಳ ಹತ್ತಿರ ನಡೆಯುತ್ತಿರಲಿಲ್ಲ. ಎಂಟು ವರ್ಷದಲ್ಲಿ ಅವಳ ಹೆಸರೇ ಎಲ್ಲರಿಗೂ ಮರೆತುಹೋಗಿ, ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವರೂ ಸರದಿಯಕ್ಕ ಎಂದೇ ಕರೆಯುತ್ತಿದ್ದರು.

ಸರ್ವರ್ ರೂಮಿನ ಬಾಗಿಲಿಗೆ ಕಾರ್ಡು ತೋರಿಸಿ ಒಳಗೆ ಕಾಲಿಟ್ಟವಳು ಅಲ್ಲೇ ನಿಂತಳು.

ಆರನೇ ಕಪಾಟಿನ ಮುಂದೆ ಯಾರೋ ಅಪರಿಚಿತ ಕುಕ್ಕುರುಗಾಲಲ್ಲಿ ಕೂತಿದ್ದ. ತೊಡೆಯ ಮೇಲೆ ಲ್ಯಾಪ್‌ಟಾಪು. ಬೆರಳು ನೂರ ಹದಿನೇಳರ ಗುಂಡಿಯ ಮೇಲೆ.

"ಕೈ ತೆಗೀರಿ."

ಅವನು ತಿರುಗಿ ನೋಡಿದ. ಬೆರಳು ಅಲ್ಲೇ ಇತ್ತು. "ನೀವು ಯಾರು?"

"ಮೊದಲು ಕೈ. ಆಮೇಲೆ ನಾನು."

ಅವನು ಕೈ ತೆಗೆದ. ಎದ್ದು ನಿಂತು, ತಾನು ಹೊಸ ಸಾಫ್ಟ್‌ವೇರ್ ಕೂರಿಸಲು ಕಂಪನಿಯಿಂದ ಬಂದವನೆಂದೂ, ಇನ್ನು ಮುಂದೆ ಇನ್ನೂರು ಯಂತ್ರಗಳ ಆರೋಗ್ಯವನ್ನೂ ಸರದಿಯನ್ನೂ ಅದೇ ನೋಡಿಕೊಳ್ಳುತ್ತದೆಂದೂ ಹೇಳಿದ. ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದ. ಸಾಲು ಸಾಲು ಹಸಿರು ದೀಪಗಳು. ನಡುವೆ ಒಂದು ಕೆಂಪು.

"ಇದನ್ನ ಯಾರೋ ಬದಿಗಿಟ್ಟಿದ್ದಾರೆ. ಕಾರಣ ಬರೆಯೋ ಜಾಗದಲ್ಲಿ 'ಸುಳ್ಳು ಹೇಳುತ್ತೆ' ಅಂತಿದೆ. ಯಂತ್ರ ಸುಳ್ಳು ಹೇಳುತ್ತಾ?"

"ಎಂಟು ವರ್ಷ ಮನುಷ್ಯರ ಜೊತೆ ಇದೆ. ಕಲಿತಿರಬೇಕು."

ಅವನು ನಗು ತಡೆಯಲು ತುಟಿ ಕಚ್ಚಿದ. ಅದು ಕಾಣಿಸಿ ಅವಳಿಗೆ ಇನ್ನಷ್ಟು ಸಿಟ್ಟು ಬಂತು.

ಐದು ನಿಮಿಷದ ಪರೀಕ್ಷೆಯಲ್ಲಿ ಅದು ಮೂರು ಸಲವೂ ಪಾಸಾಗಿದೆ ಎಂದ ಅವನು. ಐದು ನಿಮಿಷಕ್ಕೆ ಯಾರು ತಾನೇ ಸುಳ್ಳು ಹೇಳುತ್ತಾರೆ ಎಂದಳು ಅವಳು. ನಾಲ್ಕು ಗಂಟೆ ಎಡೆಬಿಡದೆ ದುಡಿದು, ಅಕ್ಕಪಕ್ಕದವೂ ಕಾದು, ಹೊರಗೆ ಇವತ್ತಿನ ಹಾಗೆ ಧಗೆ ಇದ್ದಾಗ ಮಾತ್ರ ಅದು ಎಲ್ಲೋ ಏಳನೇ ಅಂಕಿಯಲ್ಲಿ ತಪ್ಪುತ್ತದೆ, ಆ ತಪ್ಪು ಹೆಜ್ಜೆ ಹೆಜ್ಜೆಗೂ ಬೆಳೆಯುತ್ತಾ ಹೋಗುತ್ತದೆ. ಎಚ್ಚರಿಕೆಯ ಗಂಟೆ ಬಾರಿಸುವುದಿಲ್ಲ. ತಪ್ಪು ಉತ್ತರವನ್ನೇ ಸಾಧುವಿನ ಮುಖ ಮಾಡಿಕೊಂಡು ಕೈಗಿಡುತ್ತದೆ.

"ಪುರಾವೆ ಇದೆಯಾ?"

"ಎರಡು ಸಲ ಕಣ್ಣಿಗೆ ಬಿದ್ದಿದೆ. ಮೂರನೇ ಸಲಕ್ಕೆ ಕಾಯ್ತಿದ್ದೀನಿ."

"ಅಂದ್ರೆ ಇಲ್ಲ."

"ಅಂದ್ರೆ ಇನ್ನೂ ಇಲ್ಲ."

ಮಧ್ಯಾಹ್ನದ ಹೊತ್ತಿಗೆ ಅವಳು ಅವನಿಗೆ 'ಹಸಿರುದೀಪ' ಎಂದು ಹೆಸರಿಟ್ಟಾಗಿತ್ತು. ಸಂಜೆಯ ಹೊತ್ತಿಗೆ ಇಡೀ ಆಫೀಸು ಅವನನ್ನು ಹಾಗೇ ಕರೆಯುತ್ತಿತ್ತು.

* * *

ಭಗವಂತ ಇಬ್ಬರನ್ನು ಹತ್ತಿರ ತರಬೇಕೆಂದುಕೊಂಡರೆ ಮೊದಲು ಅವರಿಗೊಂದು ಜಗಳ ಕೊಡುತ್ತಾನೋ ಏನೋ. ಮೂರು ವಾರ ಅವರಿಬ್ಬರೂ ಎದುರುಬದುರು ಮೇಜಿನಲ್ಲಿ ಕೂತು ದಿನಕ್ಕೆ ನಾಲ್ಕು ಸಲ ವಾದ ಮಾಡಿದರು.

ಯಂತ್ರವೊಂದನ್ನು ಬದಿಗಿಡುವಾಗ ಕಾರಣ ಬರೆಯಬೇಕೆಂಬುದು ಈ ಕಸುಬಿನ ರೂಢಿ. ಬೇರೆ ಕಡೆ ಒಂದೆರಡು ಅಕ್ಷರ ಗೀಚಿ ಮುಗಿಸುತ್ತಾರೆ. ಅವಳು ಹಾಗಲ್ಲ. ಮನೆಯ ಹಿರಿಯ ಹೆಂಗಸು ಮಲಗಿದ ಮಕ್ಕಳ ಬಗ್ಗೆ ಬಂದವರಿಗೆ ಪಿಸುಗುಟ್ಟಿ ಹೇಳುವಂತೆ ಬರೆಯುತ್ತಿದ್ದಳು.

'ಒಂಬತ್ತು: ಜ್ಞಾಪಕ ಸೋರುತ್ತಿದೆ. ಬೈಯಬೇಡಿ.'

'ನೂರ ಎಂಬತ್ತಮೂರು: ಮೂರು ವಾರ ಒಂದೇ ಸಮ ದುಡಿದಿದೆ. ಸೋಮವಾರ ನಾನೇ ಎಬ್ಬಿಸ್ತೀನಿ.'

'ಅರವತ್ತು: ಕಾರಣ ಗೊತ್ತಿಲ್ಲ. ಗೊತ್ತಾಗುವವರೆಗೆ ಯಾರೂ ಮುಟ್ಟಬೇಡಿ.'

ಪ್ರತಿ ಸಾಲಿನ ಕೊನೆಗೆ 'ಸರದಿಯಕ್ಕ' ಎಂಬ ಸಹಿ. ಯಂತ್ರ ಸರಿಹೋಗಿ ಕೆಲಸಕ್ಕೆ ಮರಳಿದ ಮೇಲೂ ಸಾಲು ಅಲ್ಲೇ ಉಳಿಯುತ್ತಿತ್ತು.

ಹೊಸ ಸಾಫ್ಟ್‌ವೇರಿನಲ್ಲಿ ಹೀಗೆಲ್ಲ ಬರೆಯಲಾಗದು ಎಂದು ಅವನು ತಿಳಿಸಿದ. ಅಲ್ಲಿ ಹನ್ನೊಂದು ಕಾರಣಗಳ ಪಟ್ಟಿ ಇದೆ, ಒಂದನ್ನು ಆರಿಸಿ ಒತ್ತಬೇಕು.

ಅವಳು ಪಟ್ಟಿಯನ್ನು ಪೂರ್ತಿ ಓದಿದಳು. "ಲೋಕದಲ್ಲಿ ಎಲ್ಲಾ ಕೆಡೋದು ಹನ್ನೊಂದೇ ಕಾರಣಕ್ಕಾ?"

"ಹನ್ನೊಂದನೇದು 'ಇತರೆ'."

"ಅದರೊಳಗೆ ನಾನೂ ಬರ್ತೀನಾ?"

ಮರುದಿನ ಅವಳು ನಲವತ್ತೆರಡನೇ ಯಂತ್ರದ ಸಾಲು ತೆರೆದಾಗ, 'ಫ್ಯಾನು ಕೊರಗುತ್ತಿದೆ, ಕಿವಿ ಇಟ್ಟರೆ ಗೊತ್ತಾಗುತ್ತೆ' ಎಂದು ತಾನು ಬರೆದದ್ದರ ಕೆಳಗೆ ಇನ್ನೊಂದು ಸಾಲಿತ್ತು.

'ಕಿವಿ ಇಟ್ಟೆ. ನಿಜ. ಕೊರಗುತ್ತಿದೆ. — ಹಸಿರುದೀಪ.'

ಅವಳು ಆ ಸಾಲನ್ನು ಎರಡು ಸಲ ಓದಿದಳು. ಎದುರಿನ ಮೇಜಿನತ್ತ ನೋಡಲಿಲ್ಲ. ನೋಡಿದರೆ ಮುಖ ಮಾತಾಡಿಬಿಡುತ್ತದೆ ಎಂಬ ಭಯ...

ಎಂಟು ವರ್ಷದಲ್ಲಿ ಆ ಸಾಲುಗಳನ್ನು ಓದಿದವರು ಎಷ್ಟೋ ಜನ. ಎದ್ದು ಹೋಗಿ ಕಿವಿ ಇಟ್ಟವನು ಇವನೊಬ್ಬ.

* * *

ನಿರ್ದೇಶಕರು ಕೆಟ್ಟವರಲ್ಲ. ಉದ್ಘಾಟನೆಯ ಚಿಂತೆ ತಲೆಗೇರಿದವರು, ಅಷ್ಟೇ. ಮುಂದಿನ ಗುರುವಾರ ದೊಡ್ಡವರು ಬರುತ್ತಾರೆ, ಗೋಡೆಯಗಲದ ಪರದೆಯಲ್ಲಿ ಇನ್ನೂರಕ್ಕೆ ಇನ್ನೂರು ಹಸಿರು ಕಾಣಬೇಕು ಎಂದು ಅವಳನ್ನು ಕರೆಸಿ ಹೇಳಿದರು. ಒಂದು ಕೆಂಪಿದ್ದರೆ ಫೋಟೋದಲ್ಲಿ ಅದೇ ಎದ್ದು ಕಾಣುತ್ತದಮ್ಮ ಎಂದು ಸಮಾಧಾನದಿಂದಲೇ ತಿಳಿಹೇಳಿದರು.

"ಕಾಣಲಿ ಸಾರ್. ಅದಕ್ಕೇ ಕೆಂಪು ಬಣ್ಣ ಇರೋದು."

ಅವರ ಮುಖ ಬಿಗಿಯಾಯಿತು. ಮಂಗಳವಾರದವರೆಗೆ ಗಡುವು ಕೊಟ್ಟರು. ಅಷ್ಟರಲ್ಲಿ ಪುರಾವೆ ತರಬೇಕು, ಇಲ್ಲವೇ ಯಂತ್ರ ಬಿಡಬೇಕು.

ಹೊರಗೆ ಕಾರಿಡಾರಿನಲ್ಲಿ ಹಸಿರುದೀಪ ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ.

"ಮಂಗಳವಾರದವರೆಗೆ ನೂರ ಹದಿನೇಳನ್ನ ನಾನು ಮುಟ್ಟಲ್ಲ," ಎಂದ. "ಮಾತು ಕೊಡ್ತೀನಿ."

ಅವಳು ತಲೆಯಾಡಿಸಿದಳು. ಆ ಶುಕ್ರವಾರ ಸಂಜೆ ಬಸ್ಸಿನ ಕಿಟಕಿಯ ಪಕ್ಕ ಕೂತು ಅದೇ ಮಾತನ್ನು ಮನಸ್ಸಲ್ಲಿ ಎಷ್ಟು ಸಲ ಹೇಳಿಕೊಂಡಳೋ ಅವಳಿಗೇ ಲೆಕ್ಕವಿಲ್ಲ. ತನ್ನ ನಿಲ್ದಾಣ ದಾಟಿ ಎರಡು ನಿಲ್ದಾಣ ಮುಂದೆ ಹೋಗಿ ಇಳಿದಳು.

* * *

ಸೋಮವಾರ ಬೆಳಗ್ಗೆ ಪರದೆಯಲ್ಲಿ ಇನ್ನೂರಕ್ಕೆ ಇನ್ನೂರು ಹಸಿರು.

ಅವಳು ಚೀಲವನ್ನೂ ಕೆಳಗಿಡದೆ ದಾಖಲೆ ತೆರೆದಳು. ಶನಿವಾರ ಬೆಳಗ್ಗೆ ನೂರ ಹದಿನೇಳು ಕೆಲಸಕ್ಕೆ ಮರಳಿದೆ. ಮರಳಿಸಿದವರ ಹೆಸರಿನ ಜಾಗದಲ್ಲಿ ಅವನ ಹೆಸರು.

ಕಾರಣದ ಸಾಲುಗಳೂ ಇರಲಿಲ್ಲ. ಜ್ಞಾಪಕ ಸೋರುವ ಒಂಬತ್ತು, ಕೊರಗುವ ನಲವತ್ತೆರಡು, ಎಲ್ಲದರ ಮುಂದೆಯೂ ಒಂದೇ ಮಾತು. ಇತರೆ. ಇತರೆ. ಇತರೆ.

ಇಷ್ಟೇ ಆಗಿದ್ದರೆ ಅವಳು ಅತ್ತು ಸುಮ್ಮನಾಗುತ್ತಿದ್ದಳೇನೋ. ಆದರೆ ಆ ಎರಡು ದಿನ ನೂರ ಹದಿನೇಳು ಸುಮ್ಮನೆ ಕೂತಿರಲಿಲ್ಲ. ಸೇತುವೆಯಮ್ಮನ ಲೆಕ್ಕದಲ್ಲಿ ಪಾಲು ತೆಗೆದುಕೊಂಡಿತ್ತು.

ಸೇತುವೆಯಮ್ಮ ಎಂದರೆ ಅರವತ್ತು ದಾಟಿದ ಎಂಜಿನಿಯರ್. ತುರುಬಿಗೆ ಸದಾ ಒಂದು ಪೆನ್ನು ಸಿಕ್ಕಿಸಿಕೊಂಡಿರುವಾಕೆ. ನದಿಯಾಚೆಯ ಶಾಲೆಗೆ ಮಕ್ಕಳು ನಡೆದುಹೋಗಲು ತೂಗುಸೇತುವೆಯೊಂದರ ನಕ್ಷೆ ಮಾಡಿದ್ದರು. ಜೋರು ಗಾಳಿಗೆ ಅದು ಎಷ್ಟು ತೂಗಾಡುತ್ತದೆ ಎಂಬುದೇ ಲೆಕ್ಕ. ಇಪ್ಪತ್ತೈದು ಸೆಂಟಿಮೀಟರಿನೊಳಗಿದ್ದರೆ ಕ್ಷೇಮ. ಸೋಮವಾರದ ಉತ್ತರ ಹತ್ತೊಂಬತ್ತು ಎಂದಿತ್ತು. ಗುರುವಾರದ ಸಮಾರಂಭದಲ್ಲೇ ಎಲ್ಲರೆದುರು ಅವರು ನಕ್ಷೆಗೆ ಸಹಿ ಹಾಕುವುದೆಂದು ಆಹ್ವಾನ ಪತ್ರಿಕೆಯಲ್ಲಿ ಅಚ್ಚಾಗಿತ್ತು.

ಅವಳು ಫೋನು ಮಾಡಿದಳು. ಆಕೆ ಪೂರ್ತಿ ಕೇಳಿಸಿಕೊಂಡರು.

"ನಿನ್ನನ್ನ ನಂಬ್ತೀನಿ ಮಗಳೇ. ಆದ್ರೆ ನಾನು ಸಹಿ ಹಾಕೋದೂ ಅಂಕಿ ನೋಡಿ, ಬಿಡೋದೂ ಅಂಕಿ ನೋಡಿ. ಸುಳ್ಳು ಅಂತೀಯಲ್ಲ, ತೋರಿಸು."

ಮತ್ತೆ ಲೆಕ್ಕ ಹಾಕಿಸೋಣವೆಂದರೆ ಗುರುವಾರ ಮುಗಿಯುವವರೆಗೆ ಸರದಿಯಲ್ಲಿ ಅಷ್ಟು ದೊಡ್ಡ ಜಾಗವಿಲ್ಲ. ಪ್ರದರ್ಶನಕ್ಕೆಂದು ನಿರ್ದೇಶಕರು ಅರ್ಧಕ್ಕರ್ಧ ಯಂತ್ರ ಕಾಯ್ದಿರಿಸಿದ್ದರು.

ಅವಳು ಸರ್ವರ್ ರೂಮಿಗೆ ಹೋದಳು. ಆರನೇ ಕಪಾಟಿನ ಹಿಂದೆ ಬಗ್ಗಿ, ನೂರ ಹದಿನೇಳರ ತಂತಿಯನ್ನು ಕೈಯಾರೆ ಕಿತ್ತಳು. ಅದನ್ನು ನೆಚ್ಚಿ ಓಡುತ್ತಿದ್ದ ಪ್ರದರ್ಶನದ ಲೆಕ್ಕವೊಂದು ನಡುವೆಯೇ ನಿಂತುಹೋಯಿತು.

ಹತ್ತು ನಿಮಿಷದಲ್ಲಿ ನಿರ್ದೇಶಕರ ಕೋಣೆ. ಅಲ್ಲಿ ಅವನೂ ಇದ್ದ.

"ಮಾತು ಕೊಟ್ಟಿದ್ರಿ," ಎಂದಳು ಅವಳು, ನಿರ್ದೇಶಕರ ಕಡೆ ನೋಡದೆ.

ಅವನು ಪರದೆಯ ಮೇಲಿನ ತನ್ನ ಹೆಸರನ್ನೇ ನೋಡುತ್ತಿದ್ದ. ಬಾಯಿ ತೆರೆದ. ಮಾತು ಬರಲಿಲ್ಲ.

ಹೇಳು... ಒಂದಾದರೂ ಮಾತು ಹೇಳು... ಎಂದು ಅವಳ ಜೀವ ಬೇಡಿಕೊಂಡಿತು. ಅವನು ಹೇಳಲಿಲ್ಲ. ಆ ಮೌನವೇ ತಪ್ಪೊಪ್ಪಿಗೆ ಎಂದುಕೊಂಡಳು.

ನಿರ್ದೇಶಕರು ಅವಳನ್ನು ಕೆಲಸದಿಂದ ಬಿಡಿಸಿರುವುದಾಗಿ ಹೇಳಿ, ಕಾರ್ಡನ್ನು ಅವನ ಕೈಗೆ ಒಪ್ಪಿಸಲು ತಿಳಿಸಿದರು. ಅವಳು ಕೊರಳಿಂದ ಕಾರ್ಡು ತೆಗೆದಳು. ಎಂಟು ವರ್ಷದ ದಾರ ಒಂದು ಕಡೆ ಸವೆದು, ಅವಳೇ ಹಾಕಿದ ಗಂಟಿನಲ್ಲಿ ನಿಂತಿತ್ತು.

"ಇದು ನನ್ನದು," ಎಂದಳು. "ನಿಮ್ಮ ಹತ್ರ ಇರುತ್ತೆ, ಅಷ್ಟೇ. ನನ್ನ ಮಾತುಗಳನ್ನ ಅಳಿಸಿದ್ದೀರಲ್ಲ, ಅವೂ ನನ್ನವೇ. ಎಲ್ಲಾ ವಾಪಸ್ ಕೊಡಬೇಕಾಗುತ್ತೆ."

ಅವನ ಅಂಗೈಯಲ್ಲಿ ಕಾರ್ಡು ಇಟ್ಟು ಹೊರಟಳು. ಬಸ್ಸು ಹತ್ತುವವರೆಗೆ ಅಳಲಿಲ್ಲ.

* * *

ಅವಳ ಅಪ್ಪ ತೂಕ-ಅಳತೆಯ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಪರೀಕ್ಷಕರಾಗಿದ್ದವರು. ಊರೂರಿನ ಅಂಗಡಿಗೆ ಹೋಗಿ ತಕ್ಕಡಿ, ತೂಕದ ಬಟ್ಟು ಸರಿಯಿದೆಯೇ ಎಂದು ನೋಡುವ ಕೆಲಸ. ಈಗ ಮನೆಯಲ್ಲಿ ಸೊಪ್ಪು ಕೊಂಡರೂ ಅಂಗೈಯಲ್ಲಿ ತೂಗಿ ನೋಡುವ ಚಾಳಿ.

ಸಂಜೆಯ ಪ್ರಾರ್ಥನೆ ಮುಗಿಸಿ ಬಂದು, ಮಗಳ ಕೆಂಪಾದ ಕಣ್ಣು ನೋಡಿ, ಏನಾಯಿತೆಂದು ಕೇಳದೆ ಪಕ್ಕದಲ್ಲಿ ಕೂತರು. ಎಲ್ಲವನ್ನೂ ಅವಳೇ ಹೇಳಿದಳು.

ಅಪ್ಪ ತಮ್ಮ ಹಳೆಯ ಕತೆ ತೆಗೆದರು. ತಾನು ಹೊಸದಾಗಿ ಕೆಲಸಕ್ಕೆ ಸೇರಿದಾಗ ಅಧಿಕಾರಿಯ ಠೀವಿಯಲ್ಲಿ ಅಂಗಡಿಗೆ ಹೋಗುತ್ತಿದ್ದೆ ಎಂದರು. ಅಂಗಡಿಯವನು ಗುಡಿಸಿ ಒರೆಸಿ, ಒಳ್ಳೆಯ ಬಟ್ಟುಗಳನ್ನೇ ಎದುರಿಗಿಟ್ಟಿರುತ್ತಿದ್ದ. ವರ್ಷವಿಡೀ ಒಂದು ಕಳ್ಳ ಬಟ್ಟೂ ಸಿಗಲಿಲ್ಲವಂತೆ.

"ಆಮೇಲೆ ಏನು ಮಾಡಿದ್ರಿ?"

"ಚೀಲ ಹಿಡ್ಕೊಂಡು ಸಂತೆಯ ದಿನ ಹೋದೆ. ಎಲ್ಲರ ಹಿಂದೆ ನಿಂತೆ. ಸರದಿ ಬಂದಾಗ ಒಂದು ಕೇಜಿ ಸಕ್ಕರೆ ಕೊಡಪ್ಪ ಅಂದೆ."

ಅವಳು ಅಪ್ಪನ ಮುಖ ನೋಡಿದಳು. ಅವರು ಆಗಲೇ ಎದ್ದು ಕನ್ನಡಕ ಹುಡುಕುತ್ತಿದ್ದರು.

ಕಸಿದುಕೊಂಡದ್ದು ಕೆಲಸವನ್ನು, ಕಾರ್ಡನ್ನು. ಸರದಿಯಲ್ಲಿ ನಿಲ್ಲುವ ಹಕ್ಕನ್ನಲ್ಲ. ಹೆಸರು ನೋಂದಾಯಿಸಿದ ಯಾರೇ ಆಗಲಿ ಲೆಕ್ಕ ಕಳಿಸಬಹುದು, ಬೇಕಾದ ಯಂತ್ರವನ್ನೇ ಕೇಳಬಹುದು ಎಂಬ ನಿಯಮ ಇತ್ತು. ಆ ನಿಯಮ ಬರೆದವಳು ಅವಳೇ.

* * *

ಮಂಗಳವಾರ ಬೆಳಗ್ಗೆ ಬಾಗಿಲು ತಟ್ಟಿದ ಸದ್ದು.

ಅವಳು ಕಿಟಕಿಯಿಂದ ನೋಡಿ, ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಚಿಲಕ ಮಾತ್ರ ಹಾಕಲಿಲ್ಲ.

ಅಪ್ಪ ಅವನನ್ನು ಕೂರಿಸದೆ, ಮೂರು ಹಿತ್ತಾಳೆ ಬಟ್ಟುಗಳನ್ನು ತಂದು ಮೇಜಿನ ಮೇಲಿಟ್ಟರು. ಒಂದು ಸುಳ್ಳಿನದು, ಯಾವುದು ಹೇಳಿ ಎಂದರು. ಅವನು ಒಂದೊಂದನ್ನೇ ಎತ್ತಿ ನೋಡಿದ, ಎರಡು ಕೈಯಲ್ಲೂ ತೂಗಿದ, ಮತ್ತೆ ಇಟ್ಟ.

"ಗೊತ್ತಾಗ್ತಿಲ್ಲ."

"ಹಾಗಂದ್ರಲ್ಲ, ಅಷ್ಟು ಸಾಕು," ಎಂದರು ಅಪ್ಪ. "ಕೂತ್ಕೊಳ್ಳಿ."

ಅವನು ಕೂತ. ಹೇಳಬೇಕಾದದ್ದನ್ನು ಅಪ್ಪನಿಗೆ ಹೇಳಿದರೂ, ದನಿ ಮಾತ್ರ ಒಳಕೋಣೆಗೆ ಕೇಳುವಷ್ಟಿತ್ತು. ಸಾಫ್ಟ್‌ವೇರಿನಲ್ಲಿ ತಾನೇ ಗುಣಪಡಿಸಿಕೊಳ್ಳುವ ಒಂದು ನಿಯಮವಿದೆ. ಬದಿಗಿಟ್ಟ ಯಂತ್ರ ಪರೀಕ್ಷೆ ಪಾಸಾದರೆ ತಾನಾಗಿ ಕೆಲಸಕ್ಕೆ ಮರಳಿಸುತ್ತದೆ. ಮೊದಲ ವಾರ ಅವಸರದಲ್ಲಿ ಅದನ್ನು ತನ್ನ ಹೆಸರಲ್ಲೇ ಚಾಲೂ ಮಾಡಿ, ನಿಲ್ಲಿಸಲು ಮರೆತಿದ್ದ. ಶನಿವಾರ ಹಳೆಯ ದಾಖಲೆಗಳೆಲ್ಲ ಹನ್ನೊಂದು ಕಾರಣಗಳಿಗೆ ಬದಲಾದಾಗ ಅಲ್ಲಿಯವರೆಗೆ ಆ ನಿಯಮಕ್ಕೆ ಅಡ್ಡವಿದ್ದ ಅವಳ ಸಾಲೂ ಹೋಯಿತು, ತಡೆಯಲು ಏನೂ ಉಳಿಯಲಿಲ್ಲ.

"ಒತ್ತಿದವನು ನಾನಲ್ಲ," ಎಂದ. "ಆದ್ರೆ ಒತ್ತೋಕೆ ಬಿಟ್ಟವನು ನಾನೇ. ಹೆಸರು ನಂದು, ತಪ್ಪೂ ನಂದೇ. ನಿನ್ನೆ ಅಲ್ಲಿ ಹೇಳೋಕೆ ಬಾಯಿ ಬರಲಿಲ್ಲ. ಸಾಯಂಕಾಲ ನಿರ್ದೇಶಕರಿಗೆ ಹೇಳಿದೆ. ಉದ್ಘಾಟನೆ ಮುಗೀಲಿ ಅಂದ್ರು, ಕಿತ್ತ ತಂತಿಯನ್ನೂ ಮತ್ತೆ ಹಾಕಿಸಿದ್ರು."

ಒಳಗೆ ಅವಳು ಬಾಗಿಲಿಗೆ ಹಣೆ ಆನಿಸಿ ನಿಂತಿದ್ದಳು. ಎದೆಯ ಮೇಲಿನ ಕಲ್ಲು ಸರಿದಂತಾಯಿತು. ಆದರೂ ಬಾಗಿಲು ತೆರೆಯಲಿಲ್ಲ.

"ಗುರುವಾರ ಬೆಳಗ್ಗೆ ನನ್ನದೊಂದು ಲೆಕ್ಕ ಸರದಿಯಲ್ಲಿರುತ್ತೆ," ಎಂದಳು ಒಳಗಿನಿಂದಲೇ. "ನೂರ ಹದಿನಾರು, ನೂರ ಹದಿನೇಳು ಬೇಕು ಅಂತ ಕೇಳಿರುತ್ತೆ."

"ಮುಂದೆ ತರಲಾ?"

"ತರಬೇಡಿ. ಹಿಂದೆ ತಳ್ಳಲೂ ಬೇಡಿ. ನಂಗೆ ಉಪಕಾರ ಬೇಡ, ನನ್ನ ಸರದಿ ಬೇಕು."

ಅವನು ಹೋದ ಮೇಲೆ ಅಪ್ಪ ಬಟ್ಟುಗಳನ್ನು ಒರೆಸಿ ಪೆಟ್ಟಿಗೆಗೆ ಹಾಕುತ್ತಾ, ಹುಡುಗ ಬಾಗಿಲ ಕಡೆ ನೋಡಿದಷ್ಟು ಬಟ್ಟಿನ ಕಡೆ ನೋಡಲಿಲ್ಲ ಎಂದರು.

"ಅಪ್ಪಾ..."

"ನಾನೇನಂದೆ? ಪರೀಕ್ಷಕನ ಕಣ್ಣು, ಕಂಡದ್ದು ಹೇಳಿದೆ."

* * *

ಗುರುವಾರ ಮತ್ತೆ ಅದೇ ಧಗೆ. ಎಲೆ ಅಲುಗದು.

ಅವಳ ಲೆಕ್ಕ ಬಹಳ ಸರಳ. ನೂರ ಹದಿನಾರಕ್ಕೂ ನೂರ ಹದಿನೇಳಕ್ಕೂ ಒಂದೇ ಪ್ರಶ್ನೆ ಕೊಡುವುದು. ಎರಡರ ಉತ್ತರ ಹೋಲಿಸುವುದು. ಹೊಂದಿದರೆ 'ಒಂದೇ', ಹೊಂದದಿದ್ದರೆ 'ಬೇರೆ' ಎಂದು ಬರೆಯುವುದು. ಮತ್ತೆ ಮೊದಲಿಂದ. ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಅದರ ಸರದಿ ಬಂತು.

ಒಂದು ಗಂಟೆಗೆ ಅವಳು ಸಭಾಂಗಣದ ಹಿಂದಿನ ಸಾಲಿನಲ್ಲಿ ಬಂದು ನಿಂತಳು. ಸೇತುವೆಯಮ್ಮನ ಅತಿಥಿಯಾಗಿ ಒಳಗೆ ಬಂದಿದ್ದಳು, ಆದ್ದರಿಂದ ಗೇಟಿನವರು ತಡೆಯಲಿಲ್ಲ. ಗೋಡೆಯ ಪರದೆಯಲ್ಲಿ ಇನ್ನೂರು ಹಸಿರು ದೀಪ. ವೇದಿಕೆಯ ಬದಿಯಲ್ಲಿ ಅವನು, ಲ್ಯಾಪ್‌ಟಾಪಿನ ಮುಂದೆ.

ನಿರ್ದೇಶಕರು ಓಡುತ್ತಿರುವ ಲೆಕ್ಕಗಳ ಪಟ್ಟಿಯಲ್ಲಿ ಅವಳ ಹೆಸರು ಕಂಡವರೇ, ಅವನ ಕಿವಿಯ ಬಳಿ ಬಗ್ಗಿ ಅದನ್ನು ತೆಗೆದುಹಾಕಲು ಹೇಳಿದರು.

"ಸರದಿಯಲ್ಲಿ ಬಂದ ಲೆಕ್ಕ ಸಾರ್," ಎಂದ ಅವನು. ಮುಂದಿನ ಸಾಲಿಗೆ ಕೇಳುವಷ್ಟು ದನಿಯಿತ್ತು. "ತೆಗೀಬೇಕಾದ್ರೆ ಕಾರಣ ಒತ್ತಬೇಕು. ಹನ್ನೊಂದೂ ನೋಡಿದೆ. ಯಾವುದೂ ಹೊಂದಲ್ಲ."

"ನಿಮ್ಮ ಕಂಪನಿಗೆ ಹೇಳಬೇಕಾಗುತ್ತೆ."

"ಹೇಳಿ ಸಾರ್."

ಹಿಂದಿನ ಸಾಲಿನಲ್ಲಿ ಅವಳಿಗೆ ಮಾತು ಕೇಳಿಸಲಿಲ್ಲ. ಅವನು ಕುರ್ಚಿಯಲ್ಲಿ ನೆಟ್ಟಗಾದದ್ದು ಮಾತ್ರ ಕಂಡಿತು.

ಸೇತುವೆಯಮ್ಮನನ್ನು ಸಹಿಗೆ ಕರೆದರು. ಆಕೆ ವೇದಿಕೆ ಹತ್ತಿ, ತುರುಬಿನಿಂದ ಪೆನ್ನು ತೆಗೆದು, ನೂರ ಹದಿನೇಳನೇ ಯಂತ್ರ ಈಗ ಏನು ಮಾಡುತ್ತಿದೆ ತೋರಿಸಿ, ಆಮೇಲೆ ಸಹಿ ಎಂದರು. ಅವನು ಒತ್ತಿದ. ಪರದೆಯ ತುಂಬ ಅವಳ ಲೆಕ್ಕ ಕೆಳಮುಖವಾಗಿ ಹರಿಯತೊಡಗಿತು.

ಒಂದೇ. ಒಂದೇ. ಒಂದೇ. ಒಂದೇ.

ಲೆಕ್ಕ ಶುರುವಾಗಿ ನಾಲ್ಕು ಗಂಟೆ ದಾಟಿತು. ನಾಲ್ಕು ಗಂಟೆ ಇಪ್ಪತ್ತು ನಿಮಿಷ... ಒಂದೇ. ಒಂದೇ. ಯಾರೋ ಆಕಳಿಸಿದರು. ನಿರ್ದೇಶಕರ ಮುಖದಲ್ಲಿ ನಗು ಮೂಡಿತು.

ದೇವರೇ, ನಾನೇ ತಪ್ಪಾ? ಅವಳ ಕೈ ತಣ್ಣಗಾಯಿತು. ಕೈ ಮಾತ್ರವಲ್ಲ, ಇಡೀ ಸಭಾಂಗಣವೇ ತಣ್ಣಗಿತ್ತು. ದಿನಾ ಇಷ್ಟು ತಣ್ಣಗಿರುವುದಿಲ್ಲವಲ್ಲ... ಇಲ್ಲಿಗೂ ಸರ್ವರ್ ರೂಮಿಗೂ ಒಂದೇ ಎಸಿ.

ಅಂಗಡಿ ಗುಡಿಸಿ ಒರೆಸಿ ಇಟ್ಟಿದ್ದಾರೆ.

ಅವಳು ನಡುವಿನ ದಾರಿಯಲ್ಲಿ ನಡೆದು ವೇದಿಕೆಯ ಮುಂದೆ ಬಂದಳು. "ಸರ್ವರ್ ರೂಮಿನ ಎಸಿ ಎಷ್ಟಕ್ಕಿಟ್ಟಿದ್ದೀರಿ?"

ಅವನು ನೋಡಿದ. "ಹದಿನಾರು."

"ದಿನಾ ಎಷ್ಟು?"

"ಇಪ್ಪತ್ತನಾಲ್ಕು."

"ದಿನಾ ಇರೋಷ್ಟಕ್ಕೇ ಇಡಿ. ಸೇತುವೆ ಮೇಲೆ ಮಕ್ಕಳು ದಿನಾ ನಡೀತಾರೆ, ಅತಿಥಿಗಳು ಬಂದ ದಿನ ಮಾತ್ರ ಅಲ್ಲ."

ಅತಿಥಿಗಳಿಗಾಗಿ ಮಾಡಿದ ಏರ್ಪಾಟು, ಮುಟ್ಟಕೂಡದು ಎಂದರು ನಿರ್ದೇಶಕರು. ಅವನು ಒಂದು ಕ್ಷಣ ಅವರತ್ತ ನೋಡಿದ. ಆಮೇಲೆ ಕೀಲಿಮಣೆಯತ್ತ ಬಗ್ಗಿ ಎರಡು ಅಂಕಿ ಒತ್ತಿದ.

ದೊಡ್ಡವರು ಗಡಿಯಾರ ನೋಡಿಕೊಂಡು ಚಹಾಕ್ಕೆ ಎದ್ದರು. ಸಭಾಂಗಣ ಬರಿದಾಯಿತು. ಮೊದಲ ಸಾಲಿನಲ್ಲಿ ಸೇತುವೆಯಮ್ಮ ಪೆನ್ನು ಹಿಡಿದೇ ಕೂತರು. ಅವಳು ನಿಂತೇ ಇದ್ದಳು. ಅವನು ತನ್ನ ಕುರ್ಚಿಯನ್ನು ಅವಳತ್ತ ಸರಿಸಿದ, ಅವಳು ಕೂರಲಿಲ್ಲ. ಅವನೂ ಕೂರಲಿಲ್ಲ. ಖಾಲಿ ಕುರ್ಚಿಯ ಆಚೆಗೊಬ್ಬರು ಈಚೆಗೊಬ್ಬರು ಪರದೆ ನೋಡುತ್ತಾ ನಿಂತರು.

ಒಂದೇ. ಒಂದೇ. ಒಂದೇ.

ಇಪ್ಪತ್ತೈದು ನಿಮಿಷ ಕಳೆದವು. ಅತಿಥಿಗಳು ಕೈಯಲ್ಲಿ ಕಪ್ಪು ಹಿಡಿದು ಮಾತಾಡುತ್ತಾ ಬಾಗಿಲ ಬಳಿ ಬಂದಿದ್ದರು.

ಒಂದೇ. ಒಂದೇ. ಬೇರೆ.

ಇನ್ನೆರಡು 'ಒಂದೇ' ಬಂದವು, ಮತ್ತೆ ಒಂದು 'ಬೇರೆ'. ಮೇಲೆ ನೂರ ಹದಿನೇಳರ ದೀಪ ಹಸಿರಾಗಿಯೇ ಇತ್ತು.

ಸೇತುವೆಯಮ್ಮ ಪೆನ್ನಿನ ಮುಚ್ಚಳ ಹಾಕಿ ತುರುಬಿಗೆ ಸಿಕ್ಕಿಸಿಕೊಂಡರು. "ಇದನ್ನ ಬಿಟ್ಟು ನನ್ನ ಲೆಕ್ಕ ಮತ್ತೆ ಹಾಕಿ. ಮೊದಲಿಂದ," ಎಂದು ನಕ್ಷೆ ಸುತ್ತಿಕೊಂಡು ಹೊರಟರು. ಮುಂದಿನ ವಾರ ಬಂದ ಉತ್ತರ ಮೂವತ್ತೊಂದು ಸೆಂಟಿಮೀಟರು. ಸೇತುವೆಗೆ ಹಗ್ಗ ದಪ್ಪನೆಯದು ಬಂತು.

* * *

ಶುಕ್ರವಾರ ಬೆಳಗ್ಗೆ ಗಾಳಿ ಬೀಸಿತು. ರಸ್ತೆಬದಿಯ ಮರಗಳೆಲ್ಲ ಒಟ್ಟಿಗೇ ಮಾತಿಗೆ ಶುರುವಿಟ್ಟುಕೊಂಡಿದ್ದವು.

ನಿರ್ದೇಶಕರು ಅವಳನ್ನು ಕರೆಸಿ, ನಡುವಿನ ದಿನಗಳನ್ನು ರಜೆ ಎಂದು ಬರೆದುಬಿಡುತ್ತೇನೆ ಎಂದರು.

"ರಜೆ ಹಾಕಿರಲಿಲ್ಲ ಸಾರ್. ತೆಗೆದುಹಾಕಿದ್ರಿ. ಹಾಗೇ ಬರೀರಿ. ವಾಪಸ್ ಕರೆಸಿದೆ ಅಂತಲೂ ಬರೀರಿ."

ಅವರು ನಿಟ್ಟುಸಿರಿಟ್ಟು ಬರೆದರು. ಮೊದಲೇ ಹೇಳಿದೆನಲ್ಲ, ಕೆಟ್ಟವರಲ್ಲ.

ಸರ್ವರ್ ರೂಮಿನ ಬಾಗಿಲನ್ನು ಒಳಗಿನಿಂದ ಅವನೇ ತೆರೆದ. ಯಂತ್ರಗಳ ಗುಂಯ್ ಸದ್ದು ಅವಳನ್ನು ಮನೆಗೆ ಬಂದವಳಂತೆ ಸುತ್ತುವರಿಯಿತು.

"ಕಂಪನಿಯವರು ಏನಂದ್ರು?"

"ಬೈದ್ರು. ಬೈದು ಮುಗಿಸಿ ಹನ್ನೆರಡನೇ ಕಾರಣಕ್ಕೆ ಒಪ್ಪಿದ್ರು." ಪರದೆ ಅವಳತ್ತ ತಿರುಗಿಸಿದ. ಹನ್ನೊಂದರ ಕೆಳಗೆ ಖಾಲಿ ಚೌಕವೊಂದಿತ್ತು, ಎಷ್ಟು ಬೇಕಾದರೂ ಬರೆಯಲು.

ಅದರ ಕೆಳಗೆ ಅವಳ ಸಾಲುಗಳು. ಒಂಬತ್ತಕ್ಕೆ ಜ್ಞಾಪಕ ಸೋರುತ್ತಿತ್ತು. ನಲವತ್ತೆರಡು ಕೊರಗುತ್ತಿತ್ತು. ನೂರ ಹದಿನೇಳರ ಮುಂದೆ, 'ಸುಳ್ಳು ಹೇಳುತ್ತೆ. — ಸರದಿಯಕ್ಕ.' ಎಂಟು ವರ್ಷದ ಎರಡು ಸಾವಿರದ ನೂರ ನಲವತ್ತಾರು ಸಾಲುಗಳು, ಒಂದೂ ಬಿಡದೆ.

"ಅಳಿಸಿಹೋಗಿದ್ವಲ್ಲ. ಎಲ್ಲಿ ಸಿಕ್ತು?"

"ಮೊದಲನೇ ವಾರದಿಂದಲೇ ಪ್ರತಿ ತೆಗೆದಿಟ್ಕೊಳ್ತಿದ್ದೆ." ಅವನು ನೆಲ ನೋಡಿದ. "ಕಂಪನಿಗಲ್ಲ. ನಂಗೆ. ದಿನಾ ಸಂಜೆ ರೂಮಿಗೆ ಹೋಗಿ ಓದ್ತಿದ್ದೆ."

ಅವಳು ಪಟ್ಟಿಯನ್ನು ಕೆಳಕ್ಕೆ ಸರಿಸುತ್ತಾ ಹೋದಳು. ನೂರ ತೊಂಬತ್ತೊಂಬತ್ತು. ಇನ್ನೂರು. ಅಲ್ಲಿಗೆ ಮುಗಿಯಬೇಕಿತ್ತು. ಮುಗಿದಿರಲಿಲ್ಲ.

'ಇನ್ನೂರ ಒಂದು: ಹಸಿರುದೀಪ. ಐದು ನಿಮಿಷದ ಪರೀಕ್ಷೆಯಲ್ಲಿ ಪಾಸಾಗಿದ್ದೇ ಸಾಕು ಅಂದುಕೊಂಡಿತ್ತು. ಯಾರಾದರೂ ಹೊತ್ತು ಕೊಟ್ಟು, ಕಿವಿ ಇಟ್ಟು ನೋಡಬೇಕು. ಅವರು ಬರುವವರೆಗೆ ಕಾಯುತ್ತೆ.'

ಅವಳು ಓದಿದಳು. ಇನ್ನೊಮ್ಮೆ ಓದಿದಳು. ಈ ಸಲ ಮುಖ ಮರೆಸಲಿಲ್ಲ.

"ನಾಲ್ಕು ಗಂಟೆ ಸಾಕಾಗಲ್ಲ," ಎಂದಳು.

"ಗೊತ್ತು."

"ನಾನು ಯಾರಿಗೂ ಸರದಿ ತಪ್ಪಿಸಿ ಜಾಗ ಕೊಡೋಳಲ್ಲ."

"ಅದೂ ಗೊತ್ತು. ನನ್ನ ಮುಂದೆ ಯಾರಿದ್ದಾರೆ?"

ಅವಳು ಬೆರಳು ಮಡಚಿ ಎಣಿಸುವವಳಂತೆ ಮಾಡಿದಳು. ಆರನೇ ಕಪಾಟಿನ ಫ್ಯಾನುಗಳು ತಿರುಗುತ್ತಿದ್ದವು. "ಅಪ್ಪ," ಎಂದಳು. "ಭಾನುವಾರ ಬನ್ನಿ. ಮೂರು ಬಟ್ಟು ತೆಗೆದಿಟ್ಟಿರ್ತಾರೆ. ಈ ಸಲ ಗೊತ್ತಾಗಲ್ಲ ಅಂದ್ರೆ ಬಿಡಲ್ಲ."

"ಈ ಸಲವೂ ಗೊತ್ತಾಗದಿದ್ರೆ?"

"ನಾನು ಪಕ್ಕದಲ್ಲಿ ಕೂತಿರ್ತೀನಿ. ನನ್ನ ಕಡೆ ನೋಡಿ."

ಅವನು ನಕ್ಕ. ಮೊದಲ ದಿನ ತುಟಿ ಕಚ್ಚಿ ತಡೆದಿದ್ದ ನಗು ಅದು.

ಆಮೇಲೆ ಎದೆಯ ಜೇಬಿಗೆ ಕೈ ಹಾಕಿ ಅವಳ ಕಾರ್ಡು ತೆಗೆದ. ಸವೆದ ದಾರ ಹಾಗೇ ಇತ್ತು, ಅವಳು ಹಾಕಿದ ಗಂಟೂ ಹಾಗೇ ಇತ್ತು. ಅವನು ಅದನ್ನು ಅವಳ ಅಂಗೈಯಲ್ಲಿಟ್ಟ.